ಕಂಪ್ಲಿ ಕಣದಿಂದ ಇಪೋ ಚಾಪೆಯವರೆಗೆ

ಹೊಸಪೇಟೆ ಬಸ್ ನಿಲ್ದಾಣ

ಮಲೇಷ್ಯಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಓಣಿಯವರು ಮೊದಲು ಕೇಳುವುದು, "ಆ ಅವಳಿ ಗೋಪುರ ನೋಡಿದ್ರೇನ್ರಿ?" ಎಂದು. ನೋಡಲಿಲ್ಲ. ಸಮುದ್ರವನ್ನು ವಿಮಾನದ ಕಿಟಕಿಯಿಂದ ನೋಡಿದೆ, ಅದೂ ಮೋಡದ ಸಂದಿಯಲ್ಲಿ ಒಂದು ಚೂರು. ಹೋಗಿ ಬರುವತನಕ ನಾನು ಕಣ್ಣಿಟ್ಟು ನೋಡಿದ್ದೆಂದರೆ ಮೂರು ಹುಡುಗಿಯರ ಪಾದಗಳನ್ನು.

ಮೂವರಲ್ಲಿ ಒಬ್ಬಳು ನನ್ನ ಮಗಳು ಸಹನಾ. ಇನ್ನೊಬ್ಬಳು ಕಂಪ್ಲಿಯ ತ್ರಿವೇಣಿ, ಅಕ್ಕಿ ಗಿರಣಿಯವರ ಮೊಮ್ಮಗಳು, ಬಾಯಿಗೆ ಬೀಗವಿಲ್ಲದವಳು. ಇಬ್ಬರ ನಡುವೆ ನಿಲ್ಲುವವಳು ಸಂಡೂರಿನ ರೇಣುಕಾ. ಅವಳ ಅಪ್ಪ ಅದಿರಿನ ಲಾರಿ ಓಡಿಸುತ್ತಾರೆ. ಮೂವರಿಗೂ ಕರಾಟೆ ಕಲಿಸಿದವರು ನಮ್ಮ ವೀರೇಶ ಸರ್. ವಾರದ ದಿನಗಳಲ್ಲಿ ಹೊಸಪೇಟೆಯಲ್ಲಿ, ಸಂಡೂರಿನಲ್ಲಿ ಬೇರೆ ಬೇರೆ ತರಗತಿ. ಭಾನುವಾರ ಮಾತ್ರ ಎಲ್ಲರೂ ಕಂಪ್ಲಿಗೆ ಹೋಗಿ ತ್ರಿವೇಣಿಯ ತಾತನ ಗಿರಣಿಯ ಮುಂದೆ, ಭತ್ತ ಒಣಗಿಸುವ ಸಿಮೆಂಟ್ ಕಣದಲ್ಲಿ ಸೇರುತ್ತಾರೆ. ಬಿಸಿಲು ಏರುವ ಮೊದಲು ಕರಾಟೆ, ಏರಿದ ಮೇಲೆ ಭತ್ತ. ನಾನು ಗಿರಣಿಯ ನೆರಳಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತ, ಬೆಳ್ಳುಳ್ಳಿ ಬಿಡಿಸುತ್ತ ಮೂರು ವರ್ಷ ನೋಡಿದ್ದೇನೆ.

ಕರಾಟೆಯಲ್ಲಿ ಕಟಾ ಎಂದು ಒಂದಿದೆ. ಎದುರಿಗೆ ಯಾರೂ ಇರುವುದಿಲ್ಲ. ಇದ್ದಾರೆ ಎಂದುಕೊಂಡು, ಗೊತ್ತುಮಾಡಿದ ವರಸೆಗಳನ್ನು ಗೊತ್ತುಮಾಡಿದ ಕ್ರಮದಲ್ಲಿ ಮಾಡಿ ತೋರಿಸಬೇಕು. ತಂಡದ ಕಟಾ ಎಂದರೆ ಮೂವರೂ ಒಬ್ಬಳೇ ಎನ್ನುವ ಹಾಗೆ ಮಾಡಬೇಕು. ನಮ್ಮ ಹುಡುಗಿಯರು ಒಂದೇ ಕಟಾವನ್ನು ಮೂರು ವರ್ಷ ಅರೆದರು. ದಾವಣಗೆರೆಗೆ ಹೋದರು, ಹುಬ್ಬಳ್ಳಿಗೆ ಹೋದರು, ಬೆಂಗಳೂರಿಗೂ ಹೋದರು. ಎಲ್ಲ ಕಡೆಯೂ ಮೊದಲ ಸುತ್ತಿಗೇ ಹೊರಗೆ. ಏಕೆ ಸೋತಿರಿ ಎಂದು ಯಾರೂ ಹೇಳುವುದಿಲ್ಲ. ಬಾವುಟ ಎತ್ತುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ವಾಪಸ್ ಬರುವ ಬಸ್ಸಿನಲ್ಲಿ ನಾವು "ಅಲ್ಲಿ ನಮ್ಮ ಕಡಿಯವ್ರು ಒಬ್ರೂ ಇದ್ದಿಲ್ಲ, ಅದಕ್ಕ" ಎಂದು ಮಂಡಕ್ಕಿ ತಿನ್ನುತ್ತ ಸಮಾಧಾನ ಮಾಡಿಕೊಳ್ಳುತ್ತಿದ್ದೆವು.

ಈ ಸಲ ಆ ಸಮಾಧಾನಕ್ಕೂ ಜಾಗವಿರಲಿಲ್ಲ. ರೇಣುಕಾಗೆ ಇನ್ನು ಕೆಲವೇ ತಿಂಗಳಿಗೆ ಹದಿನೆಂಟು ತುಂಬುತ್ತದೆ. ಆಮೇಲೆ ಅವಳು ದೊಡ್ಡವರ ವಿಭಾಗಕ್ಕೆ ಹೋಗಬೇಕು, ಈ ಮೂವರು ಒಂದು ಸಾಲಿನಲ್ಲಿ ನಿಲ್ಲುವುದು ಮುಗಿಯುತ್ತದೆ. ಮಲೇಷ್ಯಾದ ಇಪೋ ಎಂಬ ಊರಿನ ಕರಾಟೆ ಶಾಲೆಯೊಂದು ವೀರೇಶ ಸರ್‌ಗೆ ಪರಿಚಯವಿತ್ತು. ನಾಲ್ಕು ದಿನ ಅಲ್ಲೇ ತರಬೇತಿ ಪಡೆದು ಅವರೂರ ಪಂದ್ಯದಲ್ಲಿ ಆಡಿ ಹೋಗಿ ಎಂದು ಕರೆದರು. ಹೆಣ್ಣುಮಕ್ಕಳ ಜೊತೆ ಹಿರಿಯ ಹೆಂಗಸೊಬ್ಬಳು ಇರಬೇಕು ಎಂದು ತ್ರಿವೇಣಿಯ ತಾತ ಹಟ ಹಿಡಿದರು. ಹಾಗಾಗಿ ನಾನು.

"ಆಂಟಿ, ನಂಗ ಕಪ್ ಬ್ಯಾಡ, ಮೆಡ್ಲು ಬ್ಯಾಡ," ಎಂದಳು ರೇಣುಕಾ, ಬೆಂಗಳೂರು ಬಸ್ಸಿಗೆ ಕಾಯುತ್ತ. "ಒಂದ ಒಂದು ಸುತ್ತು ದಾಟಿದ್ರ ಸಾಕು ನೋಡ್ರಿ."

"ಅದಕ್ಕ ವಿಮಾನ ಯಾಕ ಬೇಕಿತ್ತಲೇ?" ಎಂದಳು ತ್ರಿವೇಣಿ. "ಹಂಪಿ ಗುಡಿ ಸುತ್ತಿದ್ರ ಆಕ್ಕಿತ್ತು."

ಕೌಲಾಲಂಪುರ ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇದ್ದವು. ತಪಾಸಣೆಯ ಹೆಣ್ಣುಮಗಳು, ತಲೆಗೆ ಅಚ್ಚುಕಟ್ಟಾಗಿ ವಸ್ತ್ರ ಸುತ್ತಿದವಳು, ರೊಟ್ಟಿಯ ಕಟ್ಟನ್ನು ಹೊರಗೆ ತೆಗೆದು ಬೆರಳಿನಿಂದ ಬಡಿದು ನೋಡಿದಳು. ಟಣ್ ಎಂದಿತು. ಇನ್ನೊಬ್ಬನನ್ನು ಕರೆದಳು. ಅವನೂ ಬಡಿದ. ಇದು ತಿನ್ನುವ ವಸ್ತುವೇ ಎಂದು ಸಹನಾಳನ್ನು ಕೇಳಿದರು. ಹೌದು, ಬ್ರೆಡ್ ಎಂದಳು ಅವಳು. ಬ್ರೆಡ್ ಹೀಗೆ ಸದ್ದು ಮಾಡುವುದನ್ನು ಅವರು ಕೇಳಿರಲಿಲ್ಲ. ಆಮೇಲೆ ಚಟ್ನಿಪುಡಿಯ ಡಬ್ಬಿ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು. ಒಂದು ಸೀನು, ಎರಡು ಸೀನು. ಕಣ್ಣೊರೆಸಿಕೊಂಡು ಹೋಗಿ ಹೋಗಿ ಎಂದು ಕೈ ಬೀಸಿದಳು.

"ನಮ್ಮ ಕರಾಟೆಗಿಂತ ನಿಮ್ಮ ಚಟ್ನಿನ ಜೋರೈತಿ ಬಿಡ್ರಿ ಅಕ್ಕಾರ," ಎಂದರು ವೀರೇಶ ಸರ್.

ಇಪೋ ದಾರಿ

ಬಸ್ಸಿನಲ್ಲಿ ಮೊದಲು ತಾಳೆ ತೋಟಗಳು. ನೋಡಿ ನೋಡಿ ಕಣ್ಣು ಸೋತು ನಿದ್ದೆ ಬಂತು. ಎದ್ದಾಗ ಬೆಟ್ಟಗಳು ಬಂದಿದ್ದವು. ಹಂಪಿಯ ಬಂಡೆಗಳನ್ನು ಯಾರೋ ಒಂದರ ಮೇಲೊಂದು ಜೋಡಿಸಿಟ್ಟು, ಮಧ್ಯದಲ್ಲಿ ಊಟಕ್ಕೆ ಎದ್ದು ಹೋದ ಹಾಗೆ ಕಾಣುತ್ತದೆ ನೋಡಿ. ಇಲ್ಲಿಯವು ಹಾಗಲ್ಲ. ಒಂದೊಂದು ಬೆಟ್ಟವೂ ನೆಲದಿಂದ ನೆಟ್ಟಗೆ ಎದ್ದು ನಿಂತಿದೆ, ಮೈತುಂಬ ಗಿಡ, ಗಿಡದ ಸಂದಿಯಲ್ಲಿ ಬಿಳಿ ಸುಣ್ಣದ ಕಲ್ಲು. ಹೊಟ್ಟೆಯೊಳಗೆ ಗವಿಗಳು, ಗವಿಗಳಲ್ಲಿ ಗುಡಿಗಳು.

ಈ ಊರು ಹಿಂದೆ ತವರದ ಗಣಿಯಿಂದ ಬದುಕಿತ್ತಂತೆ. ಗಣಿ ಮುಗಿದ ಗುಂಡಿಗಳಲ್ಲಿ ಈಗ ನೀರು ನಿಂತು ಕೆರೆಗಳಾಗಿವೆ. ದಂಡೆಯಲ್ಲಿ ಜನ ಗಾಳ ಹಾಕಿ ಕುಳಿತಿದ್ದರು. ರೇಣುಕಾ ಕಿಟಕಿಗೆ ಹಣೆ ಹಚ್ಚಿ ನೋಡುತ್ತಲೇ ಇದ್ದಳು.

"ನಮ್ಮೂರ ಗುಂಡಿನೂ ಒಂದಿನ ಹಿಂಗ ಆಕ್ಕಾವೇನ್ರಿ ಸರ್?"

"ಆಗಬೌದವಾ. ಮೊದ್ಲು ಕೆಂಪು ಧೂಳು ಕೆಳಗ ಕುಂದರಬೇಕಲ್ಲ," ಎಂದರು ಸರ್.

ಕಾಫಿ ಅಂಗಡಿಯ ಮೇಲಿನ ಮನೆ

ನಮ್ಮನ್ನು ಇಳಿಸಿಕೊಂಡವರು ಮೇಡಂ ಲಿಮ್. ಆ ಕರಾಟೆ ಶಾಲೆ ಅವರದ್ದೇ. ವಯಸ್ಸು ಎಪ್ಪತ್ತರ ಹತ್ತಿರ, ಎತ್ತರ ನನ್ನ ಭುಜದಷ್ಟು. ಹಳೆಯ ಪೇಟೆಯ ಸಾಲುಮನೆ ಅವರದು. ಕೆಳಗೆ ತಮ್ಮನ ಕಾಫಿ ಅಂಗಡಿ, ನಡುವಿನ ಮಹಡಿಯಲ್ಲಿ ಶಾಲೆ, ಮೇಲೆ ನಾವು. ಬೆಳಿಗ್ಗೆ ಏಳುವ ಮೊದಲೇ ಕಾಫಿಬೀಜ ಹುರಿದ ವಾಸನೆ ಮೆಟ್ಟಿಲು ಹತ್ತಿ ಬಂದು ಎಬ್ಬಿಸುತ್ತಿತ್ತು. ಆ ಕಾಫಿಗೆ ಹಾಲಲ್ಲ, ಗಟ್ಟಿ ಮಾಡಿದ ಡಬ್ಬಿಯ ಹಾಲು. ಪಾಯಸದಷ್ಟು ಸಿಹಿ. ಎರಡು ದಿನ ಮುಖ ಕಿವುಚಿದೆ, ಮೂರನೆಯ ದಿನ ಇನ್ನೊಂದು ಲೋಟ ಕೇಳಿದೆ.

ಅಲ್ಲಿಯ ಜನ ಹೊತ್ತು ಗೊತ್ತು ನೋಡದೆ ತಿನ್ನುತ್ತಾರೆ, ಆದರೆ ಸದ್ದು ಮಾಡದೆ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮಲ್ಲಿ ಎರಡೂ ತಿರುವುಮುರುವು. ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ, ಅದು ನನಗೆ ಸಮಾಧಾನ ತಂದ ಮೊದಲ ಸಂಗತಿ.

ಮಾಂಸ ತಿನ್ನುವುದಿಲ್ಲ ಎಂದು ಸಹನಾ ಮೊದಲೇ ಹೇಳಿದ್ದಳು. ಮೇಡಂ ಲಿಮ್ ಅವರ ತಮ್ಮ ಬಹಳ ಕಾಳಜಿಯಿಂದ ನೂಡಲ್ಸ್ ತಂದಿಟ್ಟರು. ಮೊಳಕೆ ಕಾಳು ದಪ್ಪ ದಪ್ಪ, ರುಚಿಯೂ ಚೆನ್ನಾಗಿತ್ತು. ಒಳಗಿದ್ದ ಬಿಳಿ ಉಂಡೆ ಏನೆಂದು ಕೇಳಿದೆ. ಮೀನು ಎಂದರು.

"ಮಾಂಸ ಬ್ಯಾಡ ಅಂದಿದ್ವಿ ಅಂತ ಹೇಳವಾ," ಎಂದೆ ಸಹನಾಗೆ.

ಹೇಳಿದಳು. ಅವರು ಅಚ್ಚರಿಯಿಂದ ನನ್ನನ್ನೇ ನೋಡಿದರು. ಮಾಂಸ ಹಾಕಿಲ್ಲವಲ್ಲ, ಮೀನು ಮಾತ್ರ ಎಂದರು. ಅವರ ಮುಖದಲ್ಲಿ ಕಪಟವೇ ಇರಲಿಲ್ಲ. ನಾನು ಉಂಡೆಗಳನ್ನು ತ್ರಿವೇಣಿಯ ತಟ್ಟೆಗೆ ದಾಟಿಸಲು ಹೋದರೆ ಅವಳು ಹೌಹಾರಿ, "ಆಂಟಿ, ನಮ್ಮ ತಾತಗ ಗೊತ್ತಾದ್ರ ಗಿರಣಿಯಾಗ ಹಾಕಿ ಬೀಸ್ತಾನ!" ಎಂದಳು. ಕಡೆಗೆ ಮನೆಯಲ್ಲಿ ಮೀನು ತಿನ್ನುವ ರೇಣುಕಾ ಎಲ್ಲರ ಪಾಲನ್ನೂ ಖುಷಿಯಿಂದ ಮುಗಿಸಿದಳು. ಉಳಿದವರು ರೊಟ್ಟಿ ಮುರಿದೆವು. ಮೇಡಂ ಲಿಮ್‌ಗೆ ಒಂದು ಚೂರು ಕೊಟ್ಟೆ. ಕಾಫಿಯಲ್ಲಿ ಅದ್ದಿ ತಿಂದರು. ಮಾರನೆಯ ದಿನದಿಂದ ಅವರ ಬೆಳಗಿನ ತಿಂಡಿ ಅದೇ ಆಯಿತು.

ತರಬೇತಿ ಶುರುವಾದ ದಿನ

ನಡುವಿನ ಮಹಡಿಯಲ್ಲಿ ಮೆತ್ತನೆಯ ಚಾಪೆ ಹಾಸಿತ್ತು. ನಮ್ಮವರು ಸಿಮೆಂಟಿಗೆ ಒಗ್ಗಿದವರು. ಹಾಸಿಗೆ ಮೇಲೆ ನಡೆದಂಗ ಆಗ್ತೈತಿ ಎಂದು ಸ್ವಲ್ಪ ಹೊತ್ತು ನಕ್ಕರು. ಆಮೇಲೆ ಸಾಲಾಗಿ ನಿಂತು, ಬಾಗಿ ವಂದಿಸಿ, ಕಟಾ ಮಾಡಿದರು. ನನಗೆ ರೋಮಾಂಚನವಾಯಿತು. ಮೂವರ ಕೈ ಒಂದೇ ಸಲ ಏಳುತ್ತದೆ, ಮೂವರ ತೋಳಿನ ಬಟ್ಟೆ ಒಂದೇ ಸಲ ಪಟ್ ಎನ್ನುತ್ತದೆ.

ಮೇಡಂ ಲಿಮ್ ಕೈಕಟ್ಟಿ ನೋಡಿದರು. ಇನ್ನೊಮ್ಮೆ ಎಂದರು. ಮತ್ತೊಮ್ಮೆ ಎಂದರು. ಕಡೆಗೆ ನಡುವಿನ ಒಂದು ವರಸೆಯನ್ನು ತೋರಿಸಿ ಮೆಲ್ಲಗೆ ಕೇಳಿದರು: ತಿರುಗಿ ಹಿಂದೆ ಸರಿಯುವಾಗ ನೀವು ಮೂವರೂ ಬಲಗಾಲನ್ನು ಕೊಕ್ಕರೆಯ ಹಾಗೆ ಎತ್ತಿ ಇಡುತ್ತೀರಲ್ಲ, ಇದು ಯಾವ ಪದ್ಧತಿ?

"ನಾವೆಲ್ಲಿ ಎತ್ತೀವಿ?" ಎಂದಳು ಸಹನಾ ಕನ್ನಡದಲ್ಲೇ.

ಮೇಡಂ ಲಿಮ್ ಮಾಡಿ ತೋರಿಸಿದರು. ಅಲ್ಲಿ ಪಾದ ನೆಲ ಬಿಡಬಾರದು, ಚಾಪೆಯನ್ನು ಸವರಿಕೊಂಡು ಹಿಂದೆ ಹೋಗಬೇಕು. ನಮ್ಮ ಹುಡುಗಿಯರು ಮತ್ತೆ ಮಾಡಿದರು. ಮೂವರೂ, ಒಂದೇ ಸಲ, ಒಂದೇ ಎತ್ತರಕ್ಕೆ ಕಾಲು ಎತ್ತಿ ಇಟ್ಟರು. ಒಬ್ಬರಿಗೊಬ್ಬರು ಮುಖ ನೋಡಿಕೊಂಡರು. ತಾನು ಮಾಡಿ ತೋರಿಸುತ್ತೇನೆ ಎಂದು ವೀರೇಶ ಸರ್ ಚಾಪೆಗೆ ಇಳಿದರು. ಗಂಭೀರವಾಗಿ ತಿರುಗಿದರು, ಹಿಂದೆ ಸರಿದರು. ಅವರ ಬಲಗಾಲೂ ಎದ್ದಿತು.

ತ್ರಿವೇಣಿ ಒಮ್ಮೆಲೆ ಹಣೆ ಬಡಿದುಕೊಂಡಳು.

"ಅಯ್ಯ ಸರ್ರ! ಅದು ನಮ್ಮ ಕಣದ ದಿಂಡು!"

ಈಗ ಹೇಳಬೇಕು. ಒಬ್ಬ ರೈತರ ಭತ್ತ ಇನ್ನೊಬ್ಬರ ಭತ್ತಕ್ಕೆ ಬೆರೆಯಬಾರದೆಂದು ಕಂಪ್ಲಿಯ ಆ ಕಣದ ನಡುವೆ ನಾಲ್ಕು ಬೆರಳೆತ್ತರದ ಸಿಮೆಂಟ್ ದಿಂಡು ಹಾಕಿದ್ದಾರೆ. ಕಟಾ ಶುರು ಮಾಡುವುದು ಯಾವಾಗಲೂ ಗಿರಣಿಯ ಬಾಗಿಲ ಕಡೆ ಮುಖ ಮಾಡಿ. ಅಲ್ಲಿಂದ ಲೆಕ್ಕಕ್ಕೆ ಸರಿಯಾಗಿ ಆ ವರಸೆಗೆ ಬರುವಾಗ ಹಿಮ್ಮಡಿಯ ಹಿಂದೆ ದಿಂಡು ಇರುತ್ತದೆ. ಎಡವಬಾರದೆಂದು ಸರ್ ಎಂದೋ ಕಾಲು ಎತ್ತಿಟ್ಟಿದ್ದಾರೆ. ನೋಡಿದ ಮಕ್ಕಳು ಎತ್ತಿಟ್ಟಿದ್ದಾರೆ. ಆ ಮಕ್ಕಳನ್ನು ನೋಡಿ ಕಲಿತವರು, ದಿಂಡೇ ಇಲ್ಲದ ಸಂಡೂರಿನಲ್ಲೂ ಎತ್ತಿಟ್ಟಿದ್ದಾರೆ. ದಾವಣಗೆರೆಯಲ್ಲಿ, ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ನಮ್ಮವರು ಇಲ್ಲದ ದಿಂಡನ್ನು ಎಷ್ಟು ಚೆಂದವಾಗಿ ದಾಟಿ ಸೋತು ಬಂದಿದ್ದರು!

ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಸಹನಾ ಪಟ್ಟ ಪಾಡು ದೇವರಿಗೇ ಪ್ರೀತಿ. ಅರ್ಥವಾದ ಮೇಲೆ ಮೇಡಂ ಲಿಮ್ ನೆಲಕ್ಕೆ ಕುಳಿತು ನಕ್ಕರು, ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿದರು. ಹುಡುಗಿಯರೂ ನಕ್ಕರು. ಸರ್ ಒಬ್ಬರೇ ನಗಲಿಲ್ಲ.

"ಮೂರು ವರ್ಷ ಅಕ್ಕಾರ," ಎಂದರು ನನ್ನ ಹತ್ತಿರ ಬಂದು. "ರೇಣುಕಾನ ಮೂರು ವರ್ಷ ಆ ದಿಂಡಿಗೆ ಹಾಕಿಬಿಟ್ನೆಲ್ರಿ."

"ಇನ್ನೂ ಮೂರು ದಿನ ಅದಾವಲ್ರಿ ಸರ," ಎಂದೆ.

ಪೇಪರ್ ಹಾಳೆ

ಮೇಡಂ ಲಿಮ್ ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಕೆಳಗಿನ ಅಂಗಡಿಯಿಂದ ಹಳೆಯ ಚೀನೀ ಪತ್ರಿಕೆಗಳನ್ನು ತಂದರು. ಒಂದೊಂದು ಬಲಗಾಲಿನ ಕೆಳಗೂ ಒಂದೊಂದು ಹಾಳೆ. ಹಿಂದೆ ಸರಿದಾಗ ಹಾಳೆಯೂ ಕಾಲಿನ ಜೊತೆ ಹೋಗಬೇಕು. ಕಾಲು ಎದ್ದರೆ ಹಾಳೆ ಅಲ್ಲೇ ಉಳಿಯುತ್ತದೆ. ಅಷ್ಟೇ ಪಾಠ. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ.

ನನಗೆ ಈ ವಿಧಾನ ಹಿಡಿಸಿತು. ಹೇಳಿದ್ದನ್ನೇ ಹೇಳುವ ಕೆಲಸ ಗುರುವಿಗಿಲ್ಲ, ಹಾಳೆಯೇ ಹೇಳುತ್ತದೆ. ಹೊರಗೆ ಜೋರು ಮಳೆ ಸುರಿದು, ಒಮ್ಮೆಗೇ ನಿಂತು, ಬೀದಿಯೆಲ್ಲ ಹಬೆಯಾಡುತ್ತಿತ್ತು. ಒಗೆದ ಬಿಳಿ ಉಡುಪು ಒಣಗುವುದೇ ಇಲ್ಲ. ನಾನು ಫ್ಯಾನಿನ ಕೆಳಗೆ ಅವನ್ನು ಹಿಡಿದು ನಿಂತು ಹಾಳೆಗಳನ್ನು ನೋಡುತ್ತಿದ್ದೆ. ಸಹನಾಳ ಹಾಳೆ ಮೊದಲು ಜಗ್ಗಾಡಿ, ಹರಿದು, ಆಮೇಲೆ ಜೊತೆಗೆ ಬಂತು. ತ್ರಿವೇಣಿಯದೂ ಬಂತು. "ನಮ್ಮ ದಿಂಡು ನನ್ನ ಮಾತು ಕೇಳ್ತೈತಿ," ಎಂದು ಬೀಗಿದಳು.

ರೇಣುಕಾಳ ಹಾಳೆ ಮಾತ್ರ ಇಟ್ಟಲ್ಲೇ ಇತ್ತು. ಎಲ್ಲರಿಗಿಂತ ಹೆಚ್ಚು ಸಲ ಆ ಕಟಾ ಮಾಡಿದವಳು ಅವಳು, ಸಂಡೂರಿನಲ್ಲಿ ಮನೆಯ ಮಾಳಿಗೆ ಮೇಲೂ ಒಬ್ಬಳೇ ಮಾಡುತ್ತಿದ್ದಳಂತೆ. ಮೆಲ್ಲಗೆ ಮಾಡಿದರೆ ಸರಿಯಾಗಿ ಸರಿಯುತ್ತಾಳೆ. ವೇಗ ಬಂತೋ, ಕಾಲು ತಾನಾಗಿ ಏಳುತ್ತದೆ.

"ನಾ ಹೇಳಿದ್ರ ನನ್ನ ಕಾಲು ಕೇಳವಲ್ದು ಆಂಟಿ," ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ಇವ್ರಿಬ್ರಿಗೆ ಮುಂದಿನ ವರ್ಷ ಐತಿ. ನನ್ನಿಂದ ಸೋತ್ರ?"

"ಹಂಗಂದ್ರ ಹೆಂಗಕ್ಕ?" ಎಂದಳು ಸಹನಾ. "ಸೋತ್ರ ಮೂರೂ ಮಂದಿ ಸೋಲ್ತೀವಿ. ಎದ್ದೇಳು, ಹಾಳಿ ಕಾಯಾಕ ಹತ್ಯಾವು."

ಪಂದ್ಯದ ಹಿಂದಿನ ದಿನ ಮೇಡಂ ಲಿಮ್ ತರಬೇತಿಯನ್ನೇ ನಿಲ್ಲಿಸಿ ನಮ್ಮನ್ನು ಒಂದು ಗವಿ ಗುಡಿಗೆ ಕರೆದೊಯ್ದರು. ಒಳಗೆ ತಣ್ಣಗೆ, ಹೊಗೆಯ ಘಮ, ಬಂಡೆಯಿಂದ ನೀರು ತೊಟ್ಟಿಕ್ಕುವ ಸದ್ದು. ಮೇಲಕ್ಕೆ ಕಡಿದಾದ ಮೆಟ್ಟಿಲು. ಹಂಪಿಯ ಮಾತಂಗ ಬೆಟ್ಟವನ್ನು ಓಡಿ ಹತ್ತಿದ ಹುಡುಗಿಯರಿಗೆ ಅದೇನು ಮಹಾ. ಹೋ ಎಂದು ಓಡಿದರು. ಅಲ್ಲಿಯ ಅಜ್ಜಿಯರು ಪಕ್ಕಕ್ಕೆ ಸರಿದು ಚಪ್ಪಾಳೆ ತಟ್ಟಿದರು. ರೇಣುಕಾ ಮೊದಲು ತುದಿ ಮುಟ್ಟಿ ನಗುತ್ತ ಮೇಲಿಂದ ಕೂಗಿದಳು: "ಆಂಟಿ, ಬರ್ರಿ! ಗಾಳಿ ಮಸ್ತ್ ಐತಿ!" ಹಾಳೆಯ ಪಾಠ ಶುರುವಾದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು.

ಪಂದ್ಯದ ದಿನ

ಶಾಲೆಯೊಂದರ ದೊಡ್ಡ ಸಭಾಂಗಣ. ಗೋಡೆಯ ಪಕ್ಕದ ಮೆಟ್ಟಿಲುಗಳ ಮೇಲೆ ಸೊಂಟಕ್ಕೆ ಹೊಸಬರ ಬಿಳಿ ಪಟ್ಟಿ ಕಟ್ಟಿದ ಪುಟ್ಟ ಮಕ್ಕಳು, ಹಾಲಿನ ಪೊಟ್ಟಣ ಹೀರುತ್ತ ಕುಳಿತಿದ್ದರು. ಪಂದ್ಯದ ಕ್ರಮ ಸರಳ. ಒಂದು ತಂಡಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ. ಎರಡೂ ತಂಡಗಳು ಕಟಾ ಮಾಡಿದ ಮೇಲೆ ಐವರು ತೀರ್ಪುಗಾರರು ತಾವು ಮೆಚ್ಚಿದ ತಂಡದ ಬಣ್ಣದ ಬಾವುಟವನ್ನು ಒಟ್ಟಿಗೆ ಎತ್ತುತ್ತಾರೆ. ನಾವು ತಮ್ಮ ಮನೆಯಲ್ಲಿ ಇಳಿದವರೆಂದು ಮೇಡಂ ಲಿಮ್ ನಮ್ಮ ಪಂದ್ಯಕ್ಕೆ ಬಾವುಟ ಹಿಡಿಯಲಿಲ್ಲ, ನನ್ನ ಪಕ್ಕ ಬಂದು ಕುಳಿತರು.

ಎದುರಾಳಿ ಪಿನಾಂಗಿನ ಹುಡುಗಿಯರು. ಮೊದಲು ಅವರು ಮಾಡಿದರು. ಚೆನ್ನಾಗಿಯೇ ಮಾಡಿದರು, ಕಡೆಯ ತಿರುವಿನಲ್ಲಿ ಒಬ್ಬಳು ಮಾತ್ರ ತೂಗಾಡಿದಳು. ಆಮೇಲೆ ನಮ್ಮವರು, ನೀಲಿ ಪಟ್ಟಿ ಕಟ್ಟಿ. ವೀರೇಶ ಸರ್ ಕುರ್ಚಿಯ ತುದಿಯಲ್ಲಿ ಕುಳಿತು, ಕೂರಲಾರದೆ ಎದ್ದು, ಎದ್ದದ್ದಕ್ಕೆ ಬೈಸಿಕೊಂಡು ಮತ್ತೆ ಕುಳಿತರು.

ರೇಣುಕಾ ಕಟಾದ ಹೆಸರು ಕೂಗಿದಳು. ಅವಳ ದನಿ ಛಾವಣಿಗೆ ತಾಗಿತು. ನಾನು ಕೈಗಳನ್ನು ನೋಡಲಿಲ್ಲ, ಮುಖ ನೋಡಲಿಲ್ಲ. ಪಾದ ನೋಡಿದೆ. ವರಸೆಗಳು ಒಂದೊಂದಾಗಿ ಕಳೆದವು. ತಿರುಗಿದರು. ಪಕ್ಕದಲ್ಲಿ ಮೇಡಂ ಲಿಮ್ ನನ್ನ ಮಣಿಕಟ್ಟು ಹಿಡಿದರು. ರೇಣುಕಾಳ ಹಿಮ್ಮಡಿ ಚಾಪೆಯಿಂದ ಒಂದು ಕೂದಲೆಳೆ ಮೇಲೆದ್ದಂತೆ ಕಂಡಿತು. ಎದ್ದಿತೋ ಇಲ್ಲವೋ ನಾನು ಈಗಲೂ ಆಣೆ ಮಾಡಿ ಹೇಳಲಾರೆ. ಆಮೇಲೆ ಆ ಪಾದ ಚಾಪೆಯನ್ನು ಸವರಿಕೊಂಡು, ಉಳಿದೆರಡು ಪಾದಗಳ ಜೊತೆಜೊತೆಗೆ, ಎಣ್ಣೆಯ ಮೇಲೆ ಜಾರಿದ ಹಾಗೆ ಹಿಂದೆ ಹೋಯಿತು.

ಬಾವುಟ ಎದ್ದವು. ಎರಡು ಕೆಂಪು. ಮೂರು ನೀಲಿ.

ನಮ್ಮವರಿಗೆ ಗೆದ್ದ ಅಭ್ಯಾಸವಿಲ್ಲ. ಸೋತಾಗ ಹೇಗೆ ಬಾಗಿ ಹೊರಗೆ ಬರುತ್ತಾರೋ ಹಾಗೇ ಬಾಗಿ ಬಂದುಬಿಟ್ಟರು. ತೀರ್ಪುಗಾರರು ಕೈ ಮಾಡಿ ಕರೆದು, ನಿಂತು ಫಲಿತಾಂಶ ಕೇಳಿಕೊಳ್ಳಿ ಎನ್ನಬೇಕಾಯಿತು. ಆಗ ತ್ರಿವೇಣಿಗೆ ತಿಳಿಯಿತು. "ನಾವ ಅಲ್ಲೇನಲೇ ನೀಲಿ!" ಎಂದು ಅವಳು ಕಿರುಚಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.

ಸಂಭ್ರಮ ಮುಗಿಯುವ ಮೊದಲೇ ಹೆಸರು ಬರೆದುಕೊಳ್ಳುವ ಮೇಜಿನ ಹುಡುಗಿ ಓಡಿಬಂದು ಕೇಳಿದಳು: ಮುಂದಿನ ಸುತ್ತಿಗೆ ಯಾವ ಕಟಾ? ಸರ್ ಅದೇ ಹೆಸರು ಹೇಳಿದರು. ಅದು ಆಗುವುದಿಲ್ಲ, ಪ್ರತಿ ಸುತ್ತಿಗೂ ಬೇರೆ ಕಟಾ ಮಾಡಬೇಕು ಎಂದಳು.

ಈ ನಿಯಮ ಸರ್‌ಗೆ ಗೊತ್ತಿರಲಿಲ್ಲವೆಂದಲ್ಲ. ಎರಡನೆಯ ಸುತ್ತಿಗೆ ಹೋಗಿದ್ದರಲ್ಲವೇ ಅದರ ನೆನಪು ಬರುವುದು! ಮೂವರೂ ಒಟ್ಟಿಗೆ ಅಭ್ಯಾಸ ಮಾಡಿದ ಇನ್ನೊಂದು ಕಟಾ ಇರಲೇ ಇಲ್ಲ.

"ಸರ್ರ, ಈಗ?" ಎಂದಳು ಸಹನಾ.

ಸರ್ ಗಡ್ಡ ಕೆರೆದುಕೊಂಡರು. ಉತ್ತರ ಕೊಟ್ಟವಳು ರೇಣುಕಾ. "ಮೊದಲನೇ ಕಟಾ ಐತಲ್ರಿ. ಬಿಳಿ ಪಟ್ಟಿದು."

"ಸೇರಿದ ವಾರ ಕಲಿಸ್ತೀವಲ್ಲ, ಅದಾ?"

"ಅದ ಸರ್. ಅದು ಮೂವರಿಗೂ ಬರ್ತೈತಿ."

ಎರಡನೆಯ ಸುತ್ತಿನ ಎದುರಾಳಿಗಳು ಕೆಂಪು ಪಟ್ಟಿ ಕಟ್ಟಿದ ಎತ್ತರದ ಹುಡುಗಿಯರು. ಹಾರಿ ತಿರುಗುವ ಕಷ್ಟದ ಕಟಾ ಮಾಡಿದರು. ಆಮೇಲೆ ನಮ್ಮ ರೇಣುಕಾ ಮುಂದೆ ನಿಂತು, ಆರು ವರ್ಷದ ಮಕ್ಕಳು ಕಲಿಯುವ ಕಟಾದ ಹೆಸರನ್ನು ಎದೆಯೆತ್ತಿ ಕೂಗಿದಳು. ಮೆಟ್ಟಿಲ ಮೇಲಿದ್ದ ಬಿಳಿ ಪಟ್ಟಿಯ ಮಕ್ಕಳು ಹಾಲಿನ ಪೊಟ್ಟಣ ಕೆಳಗಿಟ್ಟರು. ಅದು ಅವರ ಕಟಾ! ಮೊದಲ ಹೆಜ್ಜೆಗೆ ಯಾವುದೋ ಮಗು "ಇಚಿ" ಎಂದು ಜಪಾನಿ ಭಾಷೆಯಲ್ಲಿ ಎಣಿಸಿತು. ಮುಂದಿನ ಹೆಜ್ಜೆಗೆ "ನಿ" ಎಂದದ್ದು ಇಡೀ ಸಾಲು. ಆಮೇಲೆ ಒಂದೊಂದು ಹೆಜ್ಜೆಗೂ ಆ ಪುಟ್ಟ ದನಿಗಳು ಎಣಿಸುತ್ತ ಹೋದವು. ಸುಮ್ಮನಿರಿಸಲು ಹೋದ ಕಾರ್ಯಕರ್ತನೂ ನಗುತ್ತ ನಿಂತುಬಿಟ್ಟ. ನಮ್ಮ ಹುಡುಗಿಯರು ಮೂರು ವರ್ಷದಲ್ಲಿ ಏನನ್ನೂ ಅಷ್ಟು ಹಗುರವಾಗಿ, ಅಷ್ಟು ಒಂದಾಗಿ ಮಾಡಿದ್ದನ್ನು ನಾನು ಕಂಡಿಲ್ಲ.

ಐದೂ ಬಾವುಟ ಕೆಂಪು. ಅದರಲ್ಲಿ ತಪ್ಪೇನೂ ಇರಲಿಲ್ಲ. ಚಪ್ಪಾಳೆ ಮಾತ್ರ ನಮ್ಮ ಕಡೆಗೇ ಹೆಚ್ಚು ಬಿತ್ತು. ವೀರೇಶ ಸರ್ ಮೂವರ ತಲೆಯ ಮೇಲೂ ಕೈ ಇಟ್ಟರು. ಆಮೇಲೆ ನೀರಿನ ಬಾಟಲಿ ತರಲು ಹೋದರು.

ರೇಣುಕಾ ನನ್ನ ಫೋನು ಇಸಿದುಕೊಂಡು ಸಂಡೂರಿಗೆ ಹಚ್ಚಿದಳು. ಬೆವರು ಇಳಿಯುತ್ತಿತ್ತು, ಪಟ್ಟಿ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದಳು.

"ಅವ್ವಾ! ಸೋತ್ವಿ! ಎರಡನೇ ಸುತ್ತಿನ್ಯಾಗ ಸೋತ್ವಿ!"

ಆ ಕಡೆಯಿಂದ ಅವಳ ಅವ್ವನ ದನಿ ನನಗೂ ಕೇಳಿಸಿತು. "ಸೋತಿದ್ದಕ್ಕ ಇಷ್ಟ್ಯಾಕ ಕುಣಿತೀಯ? ಬಿಸಿಲು ಹತ್ತೇತೇನವಾ ನಿನಗ?"

"ಅವ್ವಾ, ನೀ ಸರಿಯಾಗಿ ಕೇಳು," ಎಂದಳು ರೇಣುಕಾ. "ಎರಡನೇದರಾಗ ಸೋಲಬೇಕಂದ್ರ ಮೊದಲನೇದು ಗೆದ್ದಿರಬೇಕಿಲ್ಲೋ?"